ಕೇಳಿದ್ದು ಅವನನ್ನು, ಉತ್ತರ ಹೇಳಿದ್ದು ಅಕ್ಕ

ಸಂದರ್ಶನ ನಡೆದದ್ದು ಇಪ್ಪತ್ತು ನಿಮಿಷ. ಕಾಲೇಜಿನವರು ಕೇಳಿದ್ದು ನಾಲ್ಕೇ ಪ್ರಶ್ನೆ. ಬೆಳಿಗ್ಗೆ ನಿನ್ನನ್ನು ಯಾರು ಎಬ್ಬಿಸುತ್ತಾರೆ? ದಾರಿ ತಪ್ಪಿದರೆ ಏನು ಮಾಡುತ್ತೀಯ? ನಿನಗೆ ಇಷ್ಟವಿಲ್ಲದ್ದನ್ನು ಯಾರಾದರೂ ಮಾಡು ಅಂದರೆ ಏನು ಹೇಳುತ್ತೀಯ? ಈ ಕಾಲೇಜಿಗೆ ಯಾಕೆ ಬರಬೇಕು ಅನ್ನಿಸಿತು?

ಮೊದಲ ಮೂರಕ್ಕೆ ನನ್ನ ಅಕ್ಕ ಉತ್ತರ ಹೇಳಿದಳು. ನಾಲ್ಕನೆಯದಕ್ಕೆ ಭಾವ. ಹುಡುಗ ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆಯುತ್ತಾ ಕೂತಿದ್ದ. ಸಂದರ್ಶನ ಮಾಡುತ್ತಿದ್ದ ಹೆಂಗಸು ಮಧ್ಯದಲ್ಲಿ ಒಮ್ಮೆ ತಮ್ಮ ಕುರ್ಚಿಯನ್ನು ಪೂರ್ತಿ ಅವನ ಕಡೆಗೆ ತಿರುಗಿಸಿಕೊಂಡರು. ಅಕ್ಕನಿಗೆ ಆಗಲೂ ಹೊಳೆಯಲಿಲ್ಲ. ಪಕ್ಕದಲ್ಲೇ ಕೂತಿದ್ದ ನನಗೂ ಹೊಳೆಯಲಿಲ್ಲ. ನಾನು ಇಲ್ಲಿನ ಹೈಸ್ಕೂಲೊಂದರ ಸ್ಪೆಷಲ್ ಎಜುಕೇಶನ್ ತರಗತಿಯಲ್ಲಿ ಸಹಾಯಕಿ. ದಿನಾ ಇದೇ ಕೆಲಸ ಮಾಡುವವಳಿಗೇ ಕಾಣಲಿಲ್ಲ ಅಂದರೆ ನೋಡಿ.

ತಿಂಗಳಾದ ಮೇಲೆ ಪತ್ರ ಬಂತು. ಈ ಸಲ ಸೀಟಿಲ್ಲ. ಕಾರಣ ಒಂದೇ ಸಾಲಿನಲ್ಲಿತ್ತು: ಅರ್ಜಿದಾರನ ಇಷ್ಟ ಏನು ಅನ್ನುವುದು ನಮಗೆ ತಿಳಿಯಲಿಲ್ಲ.

ಇದು ನಡೆದದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಹುಡುಗ ನನ್ನ ಅಕ್ಕನ ಮಗ, ಆಗ ಅವನಿಗೆ ಹದಿನೆಂಟು. ಮನೆಯಲ್ಲಿ ನಾವೆಲ್ಲ ಪುಟ್ಟ ಅನ್ನುತ್ತೇವೆ. ಇದನ್ನು ಬರೆಯಲು ಅವನನ್ನೂ ಅಕ್ಕನನ್ನೂ ಕೇಳಿದ್ದೇನೆ. ಅಕ್ಕ "ನಿನ್ನಿಷ್ಟ" ಅಂದಳು. ಅವನು "ಹೆಸರು ಹಾಕಬೇಡ ಚಿಕ್ಕಮ್ಮ" ಅಂದ. ಕಾಲೇಜಿನ ಹೆಸರನ್ನೂ ನಾನೇ ಬಿಟ್ಟಿದ್ದೇನೆ.

ಹಿನ್ನೆಲೆ

ಎರಡೂವರೆ ವರ್ಷವಾದರೂ ಪುಟ್ಟನಿಗೆ ಮಾತು ಬಂದಿರಲಿಲ್ಲ. ಮೈಸೂರಿನಿಂದ ಅಮ್ಮ ಫೋನಿನಲ್ಲಿ "ಅವರಪ್ಪನೂ ತಡವಾಗೇ ಮಾತಾಡಿದ್ದಂತೆ, ಬಿಡು" ಅನ್ನುತ್ತಿದ್ದರು. ನಾಲ್ಕು ತುಂಬುವ ಹೊತ್ತಿಗೆ ಇದು ಬರೀ ತಡವಲ್ಲ ಅಂತ ಗೊತ್ತಾಯಿತು. ಬೌದ್ಧಿಕ ಅಂಗವೈಕಲ್ಯ. ನಮ್ಮ ಕಡೆ ಈಗಲೂ ಬುದ್ಧಿಮಾಂದ್ಯ ಅನ್ನುತ್ತಾರೆ. ಅಮೆರಿಕದ ಕಾನೂನಿನಲ್ಲೂ ಅಂಥದ್ದೇ ಪದವಿತ್ತು. 2010ರಲ್ಲಿ ರೋಸಾಸ್ ಲಾ ಎಂಬ ಕಾಯ್ದೆ ತಂದು ಅದನ್ನು ತೆಗೆದರು.

ಮನೆಯಲ್ಲಿ ಒಂದೇ ಭಾಷೆ ಇಟ್ಟುಕೊಳ್ಳಿ, ಕನ್ನಡ ಬಿಡಿ, ಅಂತ ಆಗ ಒಬ್ಬರು ಥೆರಪಿಸ್ಟ್ ಹೇಳಿದ್ದರು. ಅಕ್ಕ ಬಿಟ್ಟೂ ಬಿಟ್ಟಳು. ಆಮೇಲೆ ಆರು ತಿಂಗಳಿಗೆಂದು ಬಂದ ಅಮ್ಮ ಇದಕ್ಕೆ ಕ್ಯಾರೇ ಅನ್ನಲಿಲ್ಲ. ಅವನಿಗೆ ಕನ್ನಡದಲ್ಲೇ ಉಣ್ಣಿಸಿದರು, ಕನ್ನಡದಲ್ಲೇ ಗದರಿದರು. ಇವತ್ತು ಅವನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಎರಡೂ ಭಾಷೆ ಬೆರೆಸಿ ಮಾತಾಡುತ್ತಾನೆ. ಎರಡು ಭಾಷೆಯಿಂದ ಇಂಥ ಮಕ್ಕಳ ಮಾತು ಕೆಡುವುದಿಲ್ಲ ಅಂತ ಈಗ ತಜ್ಞರೂ ಒಪ್ಪುತ್ತಾರೆ. ಆದರೆ ಆ ಎರಡು ವರ್ಷ ಅಕ್ಕ ಮಗನ ಜೊತೆ ತನ್ನ ಭಾಷೆಯಲ್ಲಿ ಮಾತಾಡಲಿಲ್ಲ, ಅದು ಹೋಯಿತು.

ಶಾಲೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಐಇಪಿ ಇತ್ತು, ಅಂದರೆ ಆ ಮಗುವಿಗೆಂದೇ ಬರೆದ ಕಲಿಕೆಯ ಯೋಜನೆ. ಒಳ್ಳೆಯ ಟೀಚರ್‌ಗಳು ಸಿಕ್ಕರು. ಹೈಸ್ಕೂಲು ಮುಗಿಸುವ ಹೊತ್ತಿಗೆ ಸರಳವಾದ ಒಂದು ಪ್ಯಾರಾ ಓದುತ್ತಿದ್ದ. ಕ್ಯಾಲ್ಕುಲೇಟರ್ ಇದ್ದರೆ ಲೆಕ್ಕ ಮಾಡುತ್ತಿದ್ದ. ಕ್ರಿಕೆಟ್ ಸ್ಕೋರಂತೂ ಬಾಯಿಪಾಠ.

ಡಿಪ್ಲೊಮಾ ಎಂಬ ಬಲೆ

ಇಂಥ ಮಕ್ಕಳಿರುವ ಭಾರತೀಯ ಕುಟುಂಬಗಳು ಇಲ್ಲಿ ಎಡವುವುದು ಈ ಜಾಗದಲ್ಲೇ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಐಡಿಇಎ ಎಂಬ ಕೇಂದ್ರ ಕಾಯ್ದೆಯ ಪ್ರಕಾರ ಅಂಗವಿಕಲ ಮಕ್ಕಳಿಗೆ ಸರಿಹೊಂದುವ ಶಿಕ್ಷಣ ಪುಕ್ಕಟೆ ಸಿಗಬೇಕು. ನ್ಯೂಜೆರ್ಸಿಯಲ್ಲಿ ಇದು 21 ತುಂಬುವ ಶಾಲಾ ವರ್ಷದ ಕೊನೆವರೆಗೂ ನಡೆಯುತ್ತದೆ. ಶಾಲೆಯ ನಂತರ ಏನು ಎಂಬ ಯೋಜನೆಯನ್ನು ದೇಶದ ಕಾನೂನು 16ಕ್ಕೆ ಶುರು ಮಾಡಿ ಅಂದರೆ, ನ್ಯೂಜೆರ್ಸಿ 14ಕ್ಕೇ ಮಾಡಿ ಅನ್ನುತ್ತದೆ. ಆದರೆ ಮಧ್ಯದಲ್ಲಿ ಒಂದು ಕೊಕ್ಕೆ ಇದೆ. ಮಾಮೂಲಿ ಹೈಸ್ಕೂಲ್ ಡಿಪ್ಲೊಮಾ, ಅಂದರೆ ಹೈಸ್ಕೂಲು ಪಾಸಾದ ಸರ್ಟಿಫಿಕೇಟ್, ತೆಗೆದುಕೊಂಡ ದಿನವೇ ಆ ಹಕ್ಕು ಮುಗಿಯುತ್ತದೆ. ಹದಿನೆಂಟಕ್ಕೆ ಕೈಗೆ ಕಾಗದ ಬಂತೋ, ಉಳಿದ ಮೂರು ವರ್ಷ ಹೋಯಿತು.

ಭಾವ ಡಿಪ್ಲೊಮಾ ತಗೊಳ್ಳೋಣ ಅಂದರು. ಅದರಲ್ಲಿ ತಪ್ಪೇನಿಲ್ಲ. ಹದಿನಾರು ವರ್ಷ ಮಗನ ಕೈಗೆ ಒಂದೂ ಸರ್ಟಿಫಿಕೇಟ್ ಬರದೆ ಇರುವುದನ್ನು ನೋಡಿದ ಅಪ್ಪ ಅವರು. ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋದರೆ ಎಲ್ಲರ ಮಕ್ಕಳದ್ದೂ ಗ್ರಾಜುಯೇಶನ್ ಫೋಟೊ. ನಮ್ಮ ಹುಡುಗ ಸಹಪಾಠಿಗಳ ಜೊತೆ ಗೌನು ಹಾಕಿಕೊಂಡು ವೇದಿಕೆ ಹತ್ತಬಾರದಾ ಅಂತ ಅವರ ಪ್ರಶ್ನೆ.

ಹತ್ತಬಹುದು. ನ್ಯೂಜೆರ್ಸಿಯಲ್ಲಿ ಇದಕ್ಕೇ ಅಂತ ಕಾನೂನಿದೆ. ನಾಲ್ಕು ವರ್ಷ ಹೈಸ್ಕೂಲ್ ಮುಗಿಸಿದ ಐಇಪಿ ವಿದ್ಯಾರ್ಥಿ ತನ್ನ ಓರಗೆಯವರ ಜೊತೆ ಸಮಾರಂಭದಲ್ಲಿ ನಡೆದು, ಡಿಪ್ಲೊಮಾವನ್ನು ಮಾತ್ರ ಆಮೇಲೆ ಪಡೆಯಬಹುದು. ಪುಟ್ಟ ಗೌನು ಹಾಕಿಕೊಂಡ, ವೇದಿಕೆ ಹತ್ತಿದ, ಫೋಟೊ ತೆಗೆಸಿಕೊಂಡ. ಸೆಪ್ಟೆಂಬರ್‌ನಲ್ಲಿ ಮತ್ತೆ ಶಾಲೆಗೆ ಹೋದ. ಇದನ್ನು ಕನ್ನಡ ಕೂಟದಲ್ಲಿ ವಿವರಿಸಿ ಹೇಳಲು ಅಕ್ಕನಿಗೆ ಸಾಕುಬೇಕಾಯಿತು. "ಫೇಲಾ?" ಅಂತ ಒಬ್ಬರು ಕೇಳಿಯೇಬಿಟ್ಟರು.

ಇದೇ ಹದಿನೆಂಟರಲ್ಲಿ ಬೇರೆ ಕಾಗದಗಳೂ ಮೈಮೇಲೆ ಬಿದ್ದವು. ಎಸ್‌ಎಸ್‌ಐ ಎಂಬ ಸರ್ಕಾರಿ ನೆರವಿಗೆ ಅರ್ಹತೆ ನೋಡುವಾಗ ಹದಿನೆಂಟರ ನಂತರ ಅಪ್ಪ ಅಮ್ಮನ ಆದಾಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅವನ ಹೆಸರಿನಲ್ಲಿ 2,000 ಡಾಲರ್‌ಗಿಂತ ಜಾಸ್ತಿ ಇರಬಾರದು. ಒಬ್ಬ ವಕೀಲರು ಪೂರ್ತಿ ಗಾರ್ಡಿಯನ್‌ಶಿಪ್, ಅಂದರೆ ಅವನ ಪರವಾಗಿ ಎಲ್ಲ ನಿರ್ಧಾರ ಮಾಡುವ ಕಾನೂನಿನ ಹಕ್ಕು, ತಗೊಂಡುಬಿಡಿ ಅಂದರು. ಅಕ್ಕ ರಾತ್ರಿಯೆಲ್ಲ ಯೋಚಿಸಿ ಬೇಡ ಅಂದಳು. ಆಸ್ಪತ್ರೆಗೆ ಮತ್ತು ಹಣದ ವಿಷಯಕ್ಕೆ ಬೇಕಾದಷ್ಟೇ ಅಧಿಕಾರಪತ್ರವನ್ನು ಅವನಿಂದಲೇ ಸಹಿ ಮಾಡಿಸಿಕೊಂಡರು. ಈ ಒಂದು ನಿರ್ಧಾರ ಮುಂದೆ ಅವಳಿಗೇ ತಿರುಗಿಬೀಳಲಿತ್ತು.

ಇದು ಎಂಥ ಕಾಲೇಜು?

ಊರಿನಿಂದ ಅಮ್ಮ ಕೇಳಿದ್ದೂ ಇದನ್ನೇ. "ಪಾಠ ಹತ್ತೋದಿಲ್ಲ ಅಂತೀರಿ, ಕಾಲೇಜು ಅಂತೀರಿ."

ಬೌದ್ಧಿಕ ಅಂಗವೈಕಲ್ಯ ಇರುವವರಿಗೆಂದೇ ಕಾಲೇಜುಗಳು ನಡೆಸುವ ಕಾರ್ಯಕ್ರಮಗಳು ಅಮೆರಿಕದಲ್ಲಿ ಈಗ 300ಕ್ಕೂ ಹೆಚ್ಚಿವೆ. ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾಯಿತು, ಕ್ಲೆಮ್ಸನ್‌ನಲ್ಲಿ 2009ರಲ್ಲಿ. ಡಿಗ್ರಿ ಕೊಡುವುದಿಲ್ಲ, ಸರ್ಟಿಫಿಕೇಟ್ ಕೊಡುತ್ತಾರೆ. ಎರಡು ವರ್ಷದ್ದೂ ಇದೆ, ನಾಲ್ಕು ವರ್ಷದ್ದೂ ಇದೆ. ಕೆಲವು ಕಡೆ ಹಾಸ್ಟೆಲ್, ಕೆಲವು ಕಡೆ ಮನೆಯಿಂದಲೇ ಓಡಾಟ. ವಿದ್ಯಾರ್ಥಿ ಒಂದೆರಡು ಮಾಮೂಲಿ ತರಗತಿಗಳಲ್ಲಿ ಕೂರುತ್ತಾನೆ, ಬಹುಪಾಲು ಆಡಿಟ್ ಮಾಡುವವನಾಗಿ, ಅಂದರೆ ಅಂಕದ ಲೆಕ್ಕವಿಲ್ಲದೆ ಪಾಠ ಕೇಳುವವನಾಗಿ. ಉಳಿದ ಹೊತ್ತಿನಲ್ಲಿ ದುಡ್ಡು, ಅಡುಗೆ, ಓಡಾಟ, ಕೆಲಸ ಕಲಿಯುತ್ತಾನೆ. ಜೊತೆಗೆ ಅದೇ ಕಾಲೇಜಿನ ಹುಡುಗರು ಮೆಂಟರ್‌ಗಳಾಗಿ ಇರುತ್ತಾರೆ.

2008ರ ಉನ್ನತ ಶಿಕ್ಷಣ ಅವಕಾಶ ಕಾಯ್ದೆ ಇದಕ್ಕೆಲ್ಲ ಬಲ ಕೊಟ್ಟಿತು. ಸರ್ಕಾರ ಒಪ್ಪಿದ ಕಾರ್ಯಕ್ರಮವಾದರೆ, ಹೈಸ್ಕೂಲ್ ಡಿಪ್ಲೊಮಾ ಇಲ್ಲದ ಬೌದ್ಧಿಕ ಅಂಗವಿಕಲ ವಿದ್ಯಾರ್ಥಿಗೂ ಪೆಲ್ ಗ್ರಾಂಟ್ ಎಂಬ ಸರ್ಕಾರಿ ಸಹಾಯಧನ ಸಿಗಬಹುದು. ವಿದ್ಯಾಸಾಲ ಮಾತ್ರ ಇಲ್ಲ. 2010ರಲ್ಲಿ ಕೇಂದ್ರ ಸರ್ಕಾರ 27 ಕಡೆ ಮಾದರಿ ಯೋಜನೆಗಳಿಗೆ ಹಣ ಕೊಟ್ಟಿತು. ಬಾಸ್ಟನ್‌ನ ಮಸಾಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿರುವ ಥಿಂಕ್ ಕಾಲೇಜ್ ಎಂಬ ಕೇಂದ್ರ ಇವೆಲ್ಲದರ ಮಾಹಿತಿ ಒಂದೇ ಕಡೆ ಇಟ್ಟಿದೆ. ನಾವೂ ಹುಡುಕಿದ್ದು ಅಲ್ಲೇ.

ಪೆಲ್ ಗ್ರಾಂಟ್ ನಮಗೇನೂ ಉಪಯೋಗಕ್ಕೆ ಬರಲಿಲ್ಲ. ಅದು ಕಡಿಮೆ ಆದಾಯದವರಿಗೆ. ಭಾವ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ದುಡ್ಡು ಬಂದದ್ದು ಒಂದು ಮರೆತುಹೋದ ಖಾತೆಯಿಂದ. ಮಗ ಹುಟ್ಟಿದ ತಿಂಗಳೇ ಭಾವ ಕಾಲೇಜಿಗೆಂದು 529 ಎಂಬ ಉಳಿತಾಯ ಖಾತೆ ತೆರೆದಿದ್ದರು. ರೋಗನಿರ್ಣಯ ಆದ ಮೇಲೆ ಅದಕ್ಕೆ ಹಣ ಹಾಕುವುದನ್ನು ನಿಲ್ಲಿಸಿದ್ದರು. ಇದ್ದದ್ದನ್ನೂ ಅಂಗವಿಕಲರಿಗೆಂದೇ ಇರುವ ಏಬಲ್ ಎಂಬ ಉಳಿತಾಯ ಖಾತೆಗೆ ಸ್ವಲ್ಪ ಸ್ವಲ್ಪವಾಗಿ ಸಾಗಿಸುವ ಯೋಚನೆ ಇತ್ತು. ಕಾಲೇಜಿನ ಮಾತು ಬಂದಾಗ ಅವರು ಹಳೇ ಫೈಲು ಹುಡುಕಿ ತಂದು ಮೇಜಿನ ಮೇಲಿಟ್ಟರು. ಏನೂ ಮಾತಾಡಲಿಲ್ಲ.

ಇಂಡಿಯಾಗೆ ವಾಪಸ್ ಹೋಗೋಣವಾ ಅಂತಲೂ ಯೋಚಿಸಿದ್ದರು. ಅಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇಕಡಾ 5 ಸೀಟು ಅಂಗವಿಕಲರಿಗೆ ಅನ್ನುತ್ತದೆ, ವಯಸ್ಸಿನಲ್ಲಿ ಐದು ವರ್ಷ ರಿಯಾಯಿತಿಯನ್ನೂ ಕೊಡುತ್ತದೆ. ಕಾಗದದಲ್ಲಿ ಅದು ಪುಟ್ಟನಿಗೂ ಅನ್ವಯ. ಆದರೆ ಡಿಗ್ರಿಗೆ ಸೇರಲು ಪಿಯುಸಿ ಪಾಸಾಗಿರಬೇಕು. ಪಿಯುಸಿ ದಾಟದವನಿಗೆ ಆ ಸೀಟು ಇದ್ದೂ ಇಲ್ಲ. ಅಟ್ಟದ ಮೇಲೆ ಬೆಲ್ಲ ಇಟ್ಟು ಏಣಿ ತೆಗೆದ ಹಾಗೆ. ಊರಿನ ಮಾತು ಅಲ್ಲಿಗೇ ನಿಂತಿತು.

ಹತ್ತರವರೆಗೆ ಎಣಿಸುವುದು

ನಿರಾಕರಣೆಯ ಪತ್ರ ಬಂದ ವಾರ ಅಕ್ಕ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ನಾನು "ಅಕ್ಕ, ಅವತ್ತು ನೀನು ಸ್ವಲ್ಪ ಸುಮ್ನಿರಬೇಕಿತ್ತು" ಅಂದೆ. ಅವಳು "ನಿಂಗೇನು ಗೊತ್ತು, ನಿನ್ನ ಮಕ್ಕಳಿಗೆ ಬಾಯಿದೆ" ಅಂದಳು. ಎರಡು ವಾರ ಫೋನಿಲ್ಲ.

ಆ ಮಾತು ನನಗೆ ನಾಟಿತು, ನಿಜ. ಆದರೆ ಅವಳ ಮಗನಿಗೂ ಬಾಯಿತ್ತಲ್ಲ. ಅವನಿಗೆ ಬೇಕಿದ್ದದ್ದು ಹೊತ್ತು. ಪ್ರಶ್ನೆ ಕಿವಿಗೆ ಬಿದ್ದು, ಅರ್ಥವಾಗಿ, ಪದ ಹುಡುಕಿ, ಬಾಯಿಗೆ ಬರಲು ಅವನಿಗೆ ಏಳೆಂಟು ಸೆಕೆಂಡು ಬೇಕು. ನಾವು ಕಾಯುತ್ತಿದ್ದದ್ದು ಎರಡು ಸೆಕೆಂಡು. ಮೂರನೆಯದಕ್ಕೆ ಅಕ್ಕ ಉತ್ತರ ಕೊಟ್ಟಿರುತ್ತಿದ್ದಳು. ಹದಿನೆಂಟು ವರ್ಷ ಹೀಗೆ ಆದ ಮೇಲೆ ಹುಡುಗ ಹುಡುಕುವುದನ್ನೇ ಬಿಟ್ಟಿದ್ದ. ಹುಡುಕಿ ಪ್ರಯೋಜನವೇನು, ಅಮ್ಮ ಹೇಳುತ್ತಾಳಲ್ಲ. ಶಾಲೆಯಲ್ಲಿ ನಾವು ಇದನ್ನು ಪ್ರಾಂಪ್ಟ್‌ಗೆ, ಅಂದರೆ ಬೇರೆಯವರು ಎತ್ತಿಕೊಡುವ ಮಾತಿಗೆ, ಜೋತುಬೀಳುವುದು ಅನ್ನುತ್ತೇವೆ. ಹಾಗಾಗಬಾರದು ಅಂತ ಪಾಠವಾಗಿ ಹೇಳಿಕೊಡುತ್ತೇವೆ. ಮನೆಗೆ ಬಂದರೆ ನಾನೂ ಅವನ ಶೂ ಲೇಸು ಕಟ್ಟುತ್ತಿದ್ದೆ.

ಮುಂದಿನ ಮೂರು ವರ್ಷ ಮಾಡಿದ ಕೆಲಸದಲ್ಲಿ ಮುಕ್ಕಾಲು ಇದೊಂದೇ: ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುವುದು. ಕನ್ನಡದಲ್ಲೇ, ನಿಧಾನಕ್ಕೆ. ಹೋಟೆಲಿನಲ್ಲಿ ಆರ್ಡರ್ ತಗೊಳ್ಳುವವರು ಅಕ್ಕನ ಮುಖ ನೋಡಿದರೆ ಅವಳು ಮೆನು ನೋಡಬೇಕು. ಮೊದಲ ಸಲ ಭಾವ ನಾಲ್ಕಕ್ಕೇ ಸೋತರು, "ಚೀಸ್ ಪಿಜ್ಜಾ" ಅಂದುಬಿಟ್ಟರು. ಪುಟ್ಟ ಎರಡು ವರ್ಷದಿಂದ ಬೇಡದ ಚೀಸ್ ಪಿಜ್ಜಾ ತಿನ್ನುತ್ತಿದ್ದ ಅಂತ ನಮಗೆ ಗೊತ್ತಾದದ್ದು ಆಮೇಲೆ. ಅವನಿಗೆ ಬೇಕಿದ್ದದ್ದು ಮಶ್ರೂಮ್.

ಶಾಲೆಯಲ್ಲಿ 18ರಿಂದ 21ರವರ ಕಾರ್ಯಕ್ರಮವಿತ್ತು. ವಾರಕ್ಕೆ ಮೂರು ದಿನ ಹತ್ತಿರದ ಅಂಗಡಿಯಲ್ಲಿ ಕೆಲಸ ಕಲಿಕೆ, ಎರಡು ದಿನ ತರಗತಿ. ಮನೆಯಲ್ಲಿ ಒಂದೊಂದೇ ವಿಷಯ ಹಿಡಿದೆವು. ಮೊದಲು ಅಲಾರಂ. ಅದಕ್ಕೇ ನಾಲ್ಕು ತಿಂಗಳು ಹೋಯಿತು. ಅಕ್ಕ ಅಲಾರಂಗಿಂತ ಐದು ನಿಮಿಷ ಮೊದಲೇ ಹೋಗಿ ಎಬ್ಬಿಸುತ್ತಿದ್ದಳಲ್ಲ, ಅದಕ್ಕೆ. ಆಮೇಲೆ ಬಸ್ಸು.

ಬಸ್ಸಿಗೆ ಟ್ರಾವೆಲ್ ಟ್ರೇನರ್ ಒಬ್ಬರು ಸಿಕ್ಕರು. ಮೊದಲ ವಾರಗಳಲ್ಲಿ ಪಕ್ಕದಲ್ಲಿ ಕೂತರು. ಆಮೇಲೆ ಎರಡು ಸೀಟು ಹಿಂದೆ. ಆಮೇಲೆ ಬೇರೆ ಬಸ್ಸಿನಲ್ಲಿ ಬಂದು ಸ್ಟಾಪಿನಲ್ಲಿ ನಿಂತರು. ಕೊನೆಗೆ ಅವನೊಬ್ಬನೇ ಹೋಗುವ ದಿನ ಬಂತು. ಅಕ್ಕ ಸರಿ ಅಂದಳು. ಬಸ್ಸು ಹೊರಟಿತು. ಅಕ್ಕ ಕಾರು ತೆಗೆದುಕೊಂಡು ಅದರ ಹಿಂದೆಯೇ ಹೊರಟಳು. ಎರಡು ಕಾರು ಬಿಟ್ಟು, ಸಿನಿಮಾದಲ್ಲಿ ಪತ್ತೇದಾರರು ಹೋಗುತ್ತಾರಲ್ಲ, ಹಾಗೆ. ಮೂರನೇ ಸ್ಟಾಪ್ ದಾಟುವಾಗ ಅವಳ ಫೋನಿಗೆ ಮೆಸೇಜು ಬಂತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ: ಅಮ್ಮ ಮನೆಗೆ ಹೋಗು.

ಅವತ್ತು ಅವನು ಇಳಿಯುವ ಸ್ಟಾಪ್ ಬಿಟ್ಟ. ಅಮ್ಮನ ಕಾರು ನೋಡುತ್ತಾ ಕೂತು, ಬಸ್ಸು ನಿಲ್ಲಿಸಿ ಅಂತ ತಿಳಿಸುವ ಹಗ್ಗ ಎಳೆಯುವುದನ್ನೇ ಮರೆತ. ಕೊನೇ ಸ್ಟಾಪಿನವರೆಗೆ ಹೋಗಿ, ಪರ್ಸಿನಲ್ಲಿದ್ದ ಕಾರ್ಡ್ ತೆಗೆದು ಟ್ರೇನರ್‌ಗೆ ಫೋನ್ ಮಾಡಿ, ಎದುರು ಬಸ್ಸು ಹಿಡಿದು ಬಂದ. ಅಕ್ಕ ಅಷ್ಟರಲ್ಲಿ ಮನೆಗೆ ಹೋಗಿ ಕೂತಿದ್ದಳು. ಅವಳು ಹೇಳಿದ ಹಾಗೆ, ಅದು ಅವಳ ಜೀವನದ ಅತಿ ಉದ್ದದ ನಲವತ್ತು ನಿಮಿಷ.

ಎರಡನೇ ಸಂದರ್ಶನಕ್ಕೆ ಅಪ್ಪ ಅಮ್ಮ ಇಬ್ಬರೂ ಹೊರಗೆ ಕಾರಿಡಾರಿನಲ್ಲಿ ಕೂತರು. ಒಳಗೆ ಏನಾಯಿತು ಅಂತ ನಮಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಸೀಟು ಸಿಕ್ಕಿತು.

ಕಾಲೇಜಿನಲ್ಲಿ

ಮೊದಲ ದಿನ "ನಿನ್ನನ್ನು ಏನಂತ ಕರೆಯಬೇಕು?" ಅಂತ ಕೇಳಿದಾಗ ಪೂರ್ತಿ ಹೆಸರು ಹೇಳಿ, ಪುಟ್ಟ ಅನ್ನಬಾರದು ಅಂತ ತಾನೇ ಸೇರಿಸಿದನಂತೆ. ಅವರಿಗೆ ಆ ಪದವೇ ಗೊತ್ತಿರಲಿಲ್ಲ. ಹೀಗಾಗಿ ಇಲ್ಲಿಂದ ಮುಂದೆ ನಾನೂ ಆ ಹೆಸರು ಬಳಸುವುದಿಲ್ಲ.

ಮೊದಲ ಸೆಮಿಸ್ಟರ್ ಚೆನ್ನಾಗಿ ಹೋಯಿತು. ಪೌಷ್ಟಿಕ ಆಹಾರದ ತರಗತಿ, ಒಂದು ಸಂಗೀತದ ತರಗತಿ, ಕ್ಯಾಂಪಸ್ಸಿನ ಊಟದ ಹಾಲಿನಲ್ಲಿ ಕೆಲಸ. ಕಷ್ಟ ಬಂದದ್ದು ಎರಡನೆಯದರಲ್ಲಿ. ವ್ಯಾಪಾರದ ಪರಿಚಯ ಎಂಬ ಒಂದು ತರಗತಿಗೆ ಅವನು ಐದು ವಾರ ಹೋಗಲೇ ಇಲ್ಲ. ಆ ಹೊತ್ತಿಗೆ ಲೈಬ್ರರಿಯ ಕೆಳಗಿನ ಮಹಡಿಯಲ್ಲಿ ಕೂತು ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಕಾಲೇಜಿನವರು ಮನೆಗೆ ಒಂದು ಮಾತೂ ತಿಳಿಸಲಿಲ್ಲ. ಅಕ್ಕನಿಗೆ ಗೊತ್ತಾದದ್ದು ಅವನದೇ ಬಾಯಿಂದ, ಊಟದ ಹೊತ್ತಿನಲ್ಲಿ. ಸ್ಕೋರು ಹೇಳುತ್ತಿದ್ದವನು ಅದನ್ನು ಎಲ್ಲಿ ಕೂತು ನೋಡಿದೆ ಅಂತಲೂ ಹೇಳಿಬಿಟ್ಟ.

ಅಕ್ಕ ಮರುದಿನವೇ ಫೋನ್ ಮಾಡಿ ಕೂಗಾಡಿದಳು. ಅವರು ಶಾಂತವಾಗಿ ಉತ್ತರ ಕೊಟ್ಟರು. ಫರ್ಪಾ ಎಂಬ ಕಾನೂನಿದೆ. ಕಾಲೇಜು ಸೇರಿದ ಮೇಲೆ ದಾಖಲೆಯ ಹಕ್ಕು ವಿದ್ಯಾರ್ಥಿಯದ್ದು, ತಂದೆತಾಯಿಯದ್ದಲ್ಲ. ನೀವು ಗಾರ್ಡಿಯನ್ ಅಲ್ಲ. ಅವನು ಒಪ್ಪಿಗೆಯ ಫಾರ್ಮಿಗೆ ಸಹಿ ಹಾಕಿಲ್ಲ. ಗಾರ್ಡಿಯನ್‌ಶಿಪ್ ಬೇಡ ಅಂದಿದ್ದವಳು ಅಕ್ಕನೇ ಅಲ್ವಾ.

ಕಾನೂನು ಸರಿ. ಆದರೂ ಕಾಲೇಜಿನದ್ದೂ ತಪ್ಪಿತ್ತು ಅನ್ನುವುದು ನನ್ನ ಅಭಿಪ್ರಾಯ. ಮನೆಗೆ ಹೇಳದಿರುವುದು ಒಂದು, ಅವನನ್ನೂ ಕೇಳದಿರುವುದು ಇನ್ನೊಂದು. ಐದು ವಾರ ಒಬ್ಬ ಮೆಂಟರೂ ಯಾಕೆ ಬರ್ತಿಲ್ಲ ಅಂತ ಕೇಳಲಿಲ್ಲ. ಅವನ ಮೆಂಟರ್ ಪರೀಕ್ಷೆಯ ಗಡಿಬಿಡಿಯಲ್ಲಿದ್ದ. ಇನ್ನೊಬ್ಬರನ್ನು ಹಾಕಿರಲಿಲ್ಲ.

ಒಂದು ಸಭೆ ಕರೆದರು. ಕೊಠಡಿಯಲ್ಲಿ ಆರು ಜನ. ಅವನು ಮೇಜಿನ ತುದಿಯಲ್ಲಿ. ಯಾಕೆ ಹೋಗಲಿಲ್ಲ ಅಂತ ಸಂಯೋಜಕರು ಕೇಳಿದರು. ನಾನು ಎಣಿಸಿದೆ. ಏಳು ದಾಟಿತು, ಹತ್ತು ದಾಟಿತು. ಅಕ್ಕ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಿದ್ದಳು. ಹದಿನಾಲ್ಕಕ್ಕೆ ಅವನು ಹೇಳಿದ: "ಅವರು ನನಗೆ ಬಣ್ಣ ಹಚ್ಚು ಅಂದರು."

ಆಗಿದ್ದು ಇಷ್ಟು. ತರಗತಿಯಲ್ಲಿ ಗುಂಪು ಕೆಲಸವಿತ್ತು, ಒಂದು ಅಂಗಡಿಯ ಯೋಜನೆ ಮಾಡುವುದು. ಉಳಿದ ಮೂವರು ಎಲ್ಲವನ್ನೂ ಹಂಚಿಕೊಂಡು ಇವನಿಗೆ ಪೋಸ್ಟರಿಗೆ ಬಣ್ಣ ಹಚ್ಚಲು ಕೊಟ್ಟಿದ್ದರು. ಒಳ್ಳೆಯ ಹುಡುಗರೇ, ನಗುನಗುತ್ತಲೇ ಕೊಟ್ಟಿದ್ದರು. ಇವನು ಮೂರು ವರ್ಷ ಅಂಗಡಿಯಲ್ಲಿ ಶೆಲ್ಫ್ ಜೋಡಿಸಿದವನು. ಯಾವ ಸಾಮಾನು ಯಾವ ದಿನ ಖಾಲಿಯಾಗುತ್ತದೆ ಅಂತ ಆ ಮೂವರಿಗಿಂತ ಚೆನ್ನಾಗಿ ಬಲ್ಲವನು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತಿತ್ತು.

ಅಂದರೆ ಮನೆಯಲ್ಲಿ ನಾವು ಮಾಡಿದ್ದನ್ನೇ ಅಲ್ಲಿ ಅವರು ಮಾಡಿದ್ದರು. ಒಂದೇ ವ್ಯತ್ಯಾಸ. ಈ ಸಲ ಅವನು ಸುಮ್ಮನೆ ಕೂರಲಿಲ್ಲ, ಎದ್ದು ಹೋದ. ತರಗತಿ ತಪ್ಪಿಸಿದ್ದನ್ನು ಹೊಗಳುತ್ತಿಲ್ಲ. ಆದರೆ ಮೊದಲಿನ ಹುಡುಗ ಆಗಿದ್ದರೆ ಸೆಮಿಸ್ಟರ್ ಪೂರ್ತಿ ಬಣ್ಣ ಹಚ್ಚುತ್ತಿದ್ದ.

ಆಮೇಲಿನದ್ದು ಸಣ್ಣ ಸಣ್ಣ ರಿಪೇರಿ. ಪ್ರೊಫೆಸರ್ ಜೊತೆ ಕೂತು ಕಲಿಕೆಯ ಒಪ್ಪಂದವೊಂದನ್ನು ಬರೆದರು. ಈ ತರಗತಿಯಲ್ಲಿ ಅವನು ಕಲಿಯಬೇಕಾದ್ದು ಮೂರು ವಿಷಯ, ಗುಂಪಿನಲ್ಲಿ ಅವನ ಪಾಲು ಸ್ಟಾಕ್ ಪಟ್ಟಿ ಮಾಡುವುದು. ಗುಂಪಿನವರು ಪ್ರಶ್ನೆಗಳನ್ನು ಹಿಂದಿನ ದಿನವೇ ಮೆಸೇಜು ಮಾಡಬೇಕು, ಅವನು ಉತ್ತರ ಯೋಚಿಸಿಕೊಂಡು ಬರಲಿ ಅಂತ. ಮೆಂಟರ್ ಬದಲಾದ. ಕೊನೆಯ ಪ್ರದರ್ಶನದ ದಿನ ಅವನು ಒಂದೂವರೆ ನಿಮಿಷ ಮಾತಾಡಿದ. ಅರ್ಧ ಓದಿದ, ಅರ್ಧ ಮರೆತ.

ಅದೇ ಸಭೆಯ ಕೊನೆಗೆ ಒಪ್ಪಿಗೆಯ ಫಾರ್ಮನ್ನು ಅವನ ಮುಂದಿಟ್ಟರು. ಅಮ್ಮನಿಗೆ ಏನೇನು ತಿಳಿಸಬಹುದು ಅಂತ ಅವನೇ ಗುರುತು ಹಾಕಬೇಕು. ಒಂದೊಂದು ಸಾಲಿಗೂ ಹೊತ್ತು ತೆಗೆದುಕೊಂಡ. ಹಾಜರಿ: ಹೌದು. ಆರೋಗ್ಯ: ಹೌದು. ಪ್ರೊಫೆಸರ್‌ಗಳ ಅಭಿಪ್ರಾಯ: ಹೌದು. ಊಟದ ಕಾರ್ಡಿನ ಖರ್ಚು: ಬೇಡ.

"ಅದ್ಯಾಕೋ?" ಅಂದಳು ಅಕ್ಕ.

"ಮಿಲ್ಕ್‌ಶೇಕ್" ಅಂದ. ಈ ಸಲ ಎಣಿಸುವಷ್ಟು ಹೊತ್ತೂ ಆಗಲಿಲ್ಲ.

ಈಗ

ಎರಡನೇ ವರ್ಷ ನಡೆಯುತ್ತಿದೆ. ವಾರಕ್ಕೆ ಹನ್ನೆರಡು ಗಂಟೆ ಊಟದ ಹಾಲಿನ ಕೆಲಸ. ಸಂಬಳ ಬಂದ ದಿನ ಅದನ್ನು ಏಬಲ್ ಖಾತೆಗೆ ಹಾಕಲು ಅಪ್ಪನಿಗೆ ನೆನಪಿಸುವವನು ಅವನೇ. ಮೇ ತಿಂಗಳಿಗೆ ಸರ್ಟಿಫಿಕೇಟ್ ಬರುತ್ತದೆ. ಕ್ಯಾಂಪಸ್ಸಿನ ಕೆಲಸ ವಿದ್ಯಾರ್ಥಿಗಳಿಗೆ ಮಾತ್ರ, ಹಾಗಾಗಿ ಅದೂ ಮೇನಲ್ಲೇ ಮುಗಿಯುತ್ತದೆ. ಮುಂದೇನು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ರಾಜ್ಯದ ಅಂಗವಿಕಲರ ವಿಭಾಗದ ಸೇವೆ 21ರಿಂದ ಶುರುವಾಗಿದೆ. ಅದಕ್ಕೆ ಮೆಡಿಕೈಡ್ ಎಂಬ ಸರ್ಕಾರಿ ಆರೋಗ್ಯ ವಿಮೆ ಇರಲೇಬೇಕು, ಆ ಕಾಗದದ ಓಡಾಟ ಭಾವನದ್ದು. ಉದ್ಯೋಗ ಇಲಾಖೆಯವರು ಜಾಬ್ ಕೋಚ್, ಅಂದರೆ ಕೆಲಸದ ಜಾಗದಲ್ಲಿ ಜೊತೆಗಿದ್ದು ಹೇಳಿಕೊಡುವವರನ್ನು, ಕೊಡಬಹುದು. ಅವರ ಭೇಟಿಗೆ ದಿನ ಗೊತ್ತುಮಾಡಲು ಕಳೆದ ವಾರ ಅವನೇ ಫೋನ್ ಮಾಡಿದ. ಅಕ್ಕ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ದಿನಾಂಕ ತಪ್ಪಾಗಿ ಬರೆದುಕೊಂಡಿದ್ದ. ಸ್ವಲ್ಪ ಹೊತ್ತು ಕ್ಯಾಲೆಂಡರ್ ನೋಡಿದ. ಆಮೇಲೆ ಅದೇ ನಂಬರಿಗೆ ಮತ್ತೆ ಫೋನ್ ಮಾಡಿ, ಇನ್ನೊಂದು ಸಲ ಹೇಳಿ ಅಂತ ಕೇಳಿದ.